ಬ್ಯಾಣಕ್ಕೆ ಬೇಲಿ: ಅಡಿಗೆ 95 ಅಂದಿದ್ದು 150 ಆದ ಬಗೆ

ಹೋದ ವಾರ ಗೇಟಿನ ಚಿಲಕ ಕೂರಿಸಿದ ಮೇಲೆ ಬೇಲಿ ಕೆಲಸ ಮುಗಿಯಿತು. 1,710 ಅಡಿ ಉದ್ದ, ಐದು ಸಾಲು ಮುಳ್ಳುತಂತಿ, 250 ಕಲ್ಲುಕಂಬ. 2024ರ ಅಕ್ಟೋಬರ್‌ನಲ್ಲಿ ಓಡಾಟ ಶುರು ಮಾಡಿದವನು ಕೈ ತೊಳೆದುಕೊಳ್ಳುವಾಗ 2025ರ ಮಾರ್ಚ್ ಮುಗಿಯುತ್ತ ಬಂದಿತ್ತು. ಗುಡ್ಡದ ಜಾಗಕ್ಕೆ ಆಳು ಹಿಡಿದು ಬೇಲಿ ಹಾಕಿಸಲು ನಿಜವಾಗಿ ಎಷ್ಟು ಬೀಳುತ್ತದೆ ಎಂದು ನಾನು ಹತ್ತಾರು ಜನರನ್ನು ಕೇಳಿದ್ದೆ. ಎಲ್ಲರೂ ಹೇಳಿದ್ದು ಬಯಲುಸೀಮೆಯ ಲೆಕ್ಕ. ಹಾಗಾಗಿ ನನ್ನ ಲೆಕ್ಕ ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ನಮ್ಮದು ಹೊಸನಗರ ತಾಲ್ಲೂಕಿನ ನಗರ ಹೋಬಳಿ. ತಗ್ಗಿನಲ್ಲಿ ಅಡಿಕೆ ತೋಟ, ತೋಟದ ತಲೆಯ ಮೇಲೆ ಮನೆ, ಮನೆಯ ಹಿಂದೆ ಏರುತ್ತ ಹೋಗುವ ಮೂರು ಎಕರೆ ಬ್ಯಾಣ, ಅಂದರೆ ದನ ಮೇಯುವ ಹುಲ್ಲುಗಾವಲು, ಅದರಾಚೆ ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟ, ಆಮೇಲೆ ಕಾನು, ಅಂದರೆ ದಟ್ಟ ಕಾಡು. ಕೊಟ್ಟಿಗೆಯಲ್ಲಿ ಏಳು ಮಲೆನಾಡು ಗಿಡ್ಡ, ಒಂದು ಜರ್ಸಿ ಕ್ರಾಸ್. ಅಪ್ಪನ ಕಾಲದಲ್ಲಿ ದನ ಕಾಯಲು ಜನವಿದ್ದರು. ಈಗ ಯಾರೂ ಇಲ್ಲ. ಗಿಡ್ಡ ದನ ಆಳೆತ್ತರದ್ದಲ್ಲ, ಭುಜದವರೆಗೆ ಅಳೆದರೆ ಮೂರಡಿ ಆಸುಪಾಸು. ಆದರೆ ಅದಕ್ಕೆ ಹಾರುವುದೂ ಗೊತ್ತು, ನುಸುಳುವುದೂ ಗೊತ್ತು. ಕಳೆದ ಜುಲೈನಲ್ಲಿ ನಮ್ಮ ಕೌಲಿ ಎಂಬ ದನ ಇನ್ನೆರಡನ್ನು ಕಟ್ಟಿಕೊಂಡು ಪಕ್ಕದವರ ಸಸಿಮಡಿಗೆ ನುಗ್ಗಿ ನಾಟಿಗೆ ಬಂದಿದ್ದ ಸಸಿಯನ್ನು ಅರ್ಧ ತಿಂದುಬಿಟ್ಟಿತು. ಅವರು ಬೈಯಲಿಲ್ಲ. ನಾಟಿ ಆಳುಗಳನ್ನು ವಾಪಸ್ಸು ಕಳಿಸಿ, ಗದ್ದೆಯ ಅಂಚಿನಲ್ಲಿ ಸುಮ್ಮನೆ ನಿಂತಿದ್ದರು. ಬೈದಿದ್ದರೆ ನನಗೆ ಇಷ್ಟು ಸಂಕಟ ಆಗುತ್ತಿರಲಿಲ್ಲ. ಬೇಲಿ ಹಾಕಿಸಲೇಬೇಕು ಎಂದು ಅವತ್ತೇ ನಿಶ್ಚಯ ಮಾಡಿದೆ.

ಇನ್ನೊಂದು ಕಾರಣ ಉಣುಗು, ಅಂದರೆ ಮಂಗನ ಕಾಯಿಲೆ ಹರಡುವ ಉಣ್ಣಿ. ಮಂಗನ ಕಾಯಿಲೆ ಮೊದಲು ಕಂಡಿದ್ದು 1957ರಲ್ಲಿ, ನಮ್ಮ ಜಿಲ್ಲೆಯದೇ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ. ಕಾನಿಗೆ ಮೇಯಲು ಹೋದ ದನ ಸಂಜೆ ಮೈತುಂಬ ಉಣುಗು ಹೊತ್ತು ಕೊಟ್ಟಿಗೆಗೆ ಬರುತ್ತದೆ. ಮನೆಯಲ್ಲಿ ವಯಸ್ಸಾದ ಅಮ್ಮ, ಹಾಲು ಕರೆಯುವುದು ಅವಳೇ. ದನ ಬ್ಯಾಣದಲ್ಲೇ ಮೇಯುವಂತಾದರೆ ಆ ಭಯ ಅಷ್ಟಾದರೂ ಕಡಿಮೆಯಾಗುತ್ತದೆ.

ಮೊದಲ ಕೆಲಸ ಹದ್ದುಬಸ್ತು, ಅಂದರೆ ಸರ್ಕಾರಿ ಭೂಮಾಪಕರಿಂದ ಗಡಿ ಅಳೆಸಿ ಗುರುತು ಮಾಡಿಸುವುದು. ಇದನ್ನು ಬಿಟ್ಟು ಕಂಬ ನೆಡಲು ಹೋಗಬೇಡಿ. ಪಹಣಿಯಲ್ಲಿ ನಮಗಿರುವುದು 3 ಎಕರೆ 4 ಗುಂಟೆ, ಅದರಲ್ಲಿ 6 ಗುಂಟೆ ಬಿ ಖರಾಬು. ಬಿ ಖರಾಬೆಂದರೆ ದಾರಿ, ಹಳ್ಳದಂಥ ಸಾರ್ವಜನಿಕ ಜಾಗ. ನಿಮ್ಮ ಸರ್ವೆ ನಂಬರಿನೊಳಗೇ ಇದ್ದರೂ ಅದನ್ನು ಬೇಲಿಯೊಳಗೆ ಸೇರಿಸಿಕೊಳ್ಳುವಂತಿಲ್ಲ. ನಮ್ಮದರಲ್ಲಿ ಮೇಲಿನ ಕೇರಿಯವರು ಓಡಾಡುವ ಕಾಲುದಾರಿ ಇದೆ. ಸೊಪ್ಪಿನಬೆಟ್ಟದಲ್ಲೂ ನಮಗಿರುವುದು ಸೊಪ್ಪು, ದರಗು (ಉದುರಿದ ಒಣ ಎಲೆ) ತರುವ ಹಕ್ಕು ಮಾತ್ರ, ಜಾಗ ಸರ್ಕಾರದ್ದು. ಆದ್ದರಿಂದ ಬೇಲಿ ಇವೆರಡನ್ನೂ ಹೊರಗೆ ಬಿಟ್ಟು ಬರಬೇಕು ಎಂದು ಮೊದಲೇ ತೀರ್ಮಾನಿಸಿದೆ.

ಅಕ್ಟೋಬರ್ ಮೊದಲ ವಾರ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟೆ. ಪಹಣಿ, ಆಧಾರ್, ಸುತ್ತಲಿನ ಹಿಡುವಳಿದಾರರ ವಿವರ ಬೇಕಾಯಿತು. ಭೂಮಾಪಕರು ಬಂದಿದ್ದು ಡಿಸೆಂಬರ್ 19ಕ್ಕೆ. ಬರುವ ಮೊದಲು ಅಕ್ಕಪಕ್ಕದವರಿಗೆ ನೋಟಿಸು ಹೋಗುತ್ತದೆ. ನೋಟಿಸು ಕೈಗೆ ಸಿಗುವ ಮೊದಲೇ ನೀವೇ ಅವರ ಮನೆಗೆ ಹೋಗಿ, ಒಂದು ಲೋಟ ಚಾ ಕುಡಿದು, ವಿಷಯ ಹೇಳಿ ಬನ್ನಿ. ಸರ್ಕಾರಿ ಕಾಗದ ಏಕಾಏಕಿ ಬಂದರೆ ಎಂಥ ಒಳ್ಳೆಯವರಿಗೂ ಮನಸ್ಸು ಮುರಿಯುತ್ತದೆ.

ಅಳತೆಯ ದಿನ ನನಗೆ ಒಂದು ಪೆಟ್ಟು ಬಿತ್ತು. ತೆಂಕು ಮೂಲೆಯಲ್ಲಿ ಅಜ್ಜನ ಕಾಲದ ಅಗಳವನ್ನೇ (ಗಡಿಗೆ ತೋಡಿದ ಕಂದಕ) ನಾವು ಗಡಿ ಎಂದು ನಂಬಿದ್ದೆವು. ಸರ್ವೆಯ ಗಡಿ ಗುರುತಾದ ಬಾಂದುಕಲ್ಲಿನಿಂದ ಹಿಡಿದ ಗೆರೆ ಅಗಳಕ್ಕಿಂತ ಎಂಟಡಿ ಒಳಗೆ ಬಂತು. ಅಪ್ಪ ನೆಟ್ಟ ಹಲಸಿನ ಮರ ಪಕ್ಕದವರ ಪಾಲಿಗೆ ಹೋಯಿತು. ಅದೇ ಪಕ್ಕದವರು, ಸಸಿಮಡಿ ಕಳೆದುಕೊಂಡವರು. ಮರದ ಬುಡದಲ್ಲಿ ನಾನು ಮಾತಾಡದೆ ನಿಂತಿದ್ದೆ. ಅವರೇ ಹತ್ತಿರ ಬಂದು, "ಗೆರೆ ಎಲ್ಲಿ ಬೇಕಾದ್ರೂ ಇರ್ಲಿ ಮಾರಾಯ, ಹಣ್ಣು ನೀವೇ ಕೊಯ್ಕೊಳ್ಳಿ" ಅಂದರು. ಜುಲೈನಲ್ಲಿ ನಾನು ಅವರಿಗೆ ಸಸಿಯ ದುಡ್ಡು ಕೊಡಲು ಹೋದಾಗ ತೆಗೆದುಕೊಂಡಿರಲಿಲ್ಲ. ಅದೂ ನೆನಪಾಯಿತು.

ಇಷ್ಟರ ನಡುವೆ ನಾನು ಒಂದು ದೊಡ್ಡ ತಪ್ಪು ಮಾಡಿಯಾಗಿತ್ತು. ಅಳತೆಗೆ ಕಾಯುತ್ತ ಕೂರುವುದೇಕೆ ಎಂದು ನವೆಂಬರ್‌ನಲ್ಲೇ ಬಯಲುಸೀಮೆ ಕಡೆಯ ಒಬ್ಬ ಬೇಲಿ ಗುತ್ತಿಗೆದಾರರಿಗೆ ಫೋನು ಮಾಡಿದ್ದೆ. ಅವರು ಫೋನಿನ ನಕ್ಷೆಯಲ್ಲಿ ನಮ್ಮ ಜಾಗದ ಸುತ್ತ ಗೆರೆ ಎಳೆದು, "1,560 ಅಡಿ ಬರುತ್ತೆ, ಕಂಬ, ತಂತಿ, ಕೂಲಿ ಎಲ್ಲ ಸೇರಿ ಅಡಿಗೆ 95" ಅಂದರು. 1,48,200 ರೂಪಾಯಿ. ಒಂದೂವರೆ ಲಕ್ಷದೊಳಗೆ ಮುಗಿಯುತ್ತದಲ್ಲ ಎಂದು ಖುಷಿಯಾಗಿ 20,000 ಮುಂಗಡ ಹಾಕಿಬಿಟ್ಟೆ. ಕಾಗದದಲ್ಲಿ ಒಂದಕ್ಷರ ಬರೆಸಿಕೊಳ್ಳಲಿಲ್ಲ. ಜನವರಿ ಎರಡನೇ ವಾರ ಅವರು ಬಂದು ಬ್ಯಾಣದ ಬುಡದಲ್ಲಿ ನಿಂತು ಮೇಲೆ ನೋಡಿದರು. ಅರ್ಧ ಹತ್ತಿ ಇಳಿದು ಬಂದರು. ಈ ದರಕ್ಕೆ ಆಗುವುದಿಲ್ಲ, 170 ಆದರೆ ನೋಡೋಣ ಎಂದು ಹೊರಟರು. ಹತ್ತು ಸಲ ಫೋನು ಮಾಡಿದ ಮೇಲೆ 8,000 ವಾಪಸ್ಸು ಬಂತು. ಉಳಿದ 12,000 ಹೋಯಿತು.

ಫೋನಿನ ನಕ್ಷೆ ಎಲ್ಲಿ ತಪ್ಪುತ್ತದೆ ಎಂದು ಆಮೇಲೆ ಅರ್ಥವಾಯಿತು. ಅದು ಆಕಾಶದಿಂದ ನೋಡಿದಂತೆ ಅಡ್ಡದ ಅಂತರವನ್ನು ಅಳೆಯುತ್ತದೆ. ತಂತಿ ಏರು ಹತ್ತಬೇಕು, ಕೊರಕಲು ಇಳಿಯಬೇಕು. ಮೂವತ್ತು ಡಿಗ್ರಿ ಏರಿನಲ್ಲಿ ನಕ್ಷೆಯ ನೂರಡಿ ನೆಲದ ಮೇಲೆ ಹೆಚ್ಚುಕಮ್ಮಿ 115 ಅಡಿ ಆಗುತ್ತದೆ. ಹಗ್ಗ ಹಿಡಿದು ಅಳೆದಾಗ ನಮ್ಮ 1,560 ಅಡಿ 1,710 ಆಯಿತು. ಬರೀ ಅಳತೆಯಲ್ಲೇ 150 ಅಡಿಯ ವ್ಯತ್ಯಾಸ.

ಎರಡನೇ ತಂಡ ಸಿಕ್ಕಿದ್ದು ರಿಪ್ಪನ್‌ಪೇಟೆ ಕಡೆಯಿಂದ. ಅದರ ಮೇಸ್ತ್ರಿ ಫೋನಿನಲ್ಲಿ ದರ ಹೇಳಲೇ ಇಲ್ಲ. "ಜಾಗ ನೋಡದೆ ಹೆಂಗೆ ಹೇಳ್ಲಿ" ಅಂದರು. ಬಂದವರು ಎಂಟೆಂಟು ಅಡಿಗೆ ಗಂಟು ಹಾಕಿದ ಹಗ್ಗ ಹಿಡಿದು ನನ್ನ ಜೊತೆ ಮೂರು ಗಂಟೆ ಗಡಿ ಸುತ್ತಿದರು. ಪ್ರತಿ ಗಂಟಿಗೂ ಹಾರೆಯಿಂದ ಒಂದು ಕುಕ್ಕು. ಹಾರೆ ಮೆತ್ತಗೆ ಇಳಿದರೆ ಒಂದು ಕಡ್ಡಿ ಚುಚ್ಚುತ್ತಿದ್ದರು, ಕಲ್ಲಿಗೆ ತಾಗಿ ಕಣ್ ಎಂದು ಸದ್ದಾದರೆ ಕೆಂಪು ಬಟ್ಟೆ ಕಟ್ಟಿದ ಕಡ್ಡಿ. ಸುತ್ತು ಮುಗಿಯುವಾಗ 46 ಕೆಂಪು ಕಡ್ಡಿ ಇದ್ದವು. ಅಷ್ಟೂ ಜಂಬಿಟ್ಟಿಗೆ (ಕೆಂಪು ಮುರಕಲ್ಲು) ಹಾಸಿನ ಮೇಲೆ. ದರ ಹೀಗೆ ನಿಂತಿತು: ಗುಂಡಿ ತೋಡಿ, ಕಂಬ ನಿಲ್ಲಿಸಿ, ತಂತಿ ಎಳೆಯುವುದಕ್ಕೆ ಅಡಿಗೆ 30, ಕೆಂಪು ಕಡ್ಡಿಯ ಗುಂಡಿಗೆ ತಲಾ 250 ಹೆಚ್ಚು, ಏರಿನ ಮೇಲೆ ಹೊತ್ತು ಹಾಕುವ ಕಂಬಕ್ಕೆ ತಲಾ 80. ಸಾಮಾನು ನನ್ನದು. ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದೆವು. ಹಣ ಮೂರು ಕಂತು: ಗುಂಡಿ ಮುಗಿದಾಗ, ಕಂಬ ನಿಂತಾಗ, ತಂತಿ ಬಿಗಿದಾಗ.

ಕೆಲಸಕ್ಕೆ ಯಾವ ತಿಂಗಳು ಎಂಬುದರ ಬಗ್ಗೆ ಸ್ವಲ್ಪ ಹೇಳಬೇಕು. ಗುಂಡಿ ತೋಡಲು ಒಳ್ಳೆಯ ಕಾಲ ನವೆಂಬರ್, ಡಿಸೆಂಬರ್. ಮಳೆ ಹಿಂದೆ ಸರಿದಿರುತ್ತದೆ, ಮಣ್ಣಿನಲ್ಲಿ ಪಸೆ ಇರುತ್ತದೆ. ಆದರೆ ಅದೇ ಹೊತ್ತಿಗೆ ಅಡಿಕೆ ಕೊಯ್ಲು. ಮರ ಹತ್ತಿ ಕೊನೆ ಕೊಯ್ಯುವ ಕೊನೆಗಾರರಿಂದ ಹಿಡಿದು ಸುಲಿಯುವವರವರೆಗೆ ಊರಿನ ಒಂದು ಆಳೂ ಬಿಡುವಾಗಿರುವುದಿಲ್ಲ. ಕೊಯ್ಲು ಮುಗಿದು ಆಳು ಸಿಗುವಾಗ ಫೆಬ್ರುವರಿ, ಜಂಬಿಟ್ಟಿಗೆ ಒಣಗಿ ಕಬ್ಬಿಣ. ಅದಕ್ಕೆ ಮೇಸ್ತ್ರಿ ಕಲಿಸಿದ ಉಪಾಯ: ಸಂಜೆ ಮರುದಿನದ ಗುಂಡಿಗಳ ಜಾಗದಲ್ಲಿ ಗೇಣುದ್ದ ಕೆದಕಿ, ಎರಡೆರಡು ಕೊಡ ನೀರು ಹೊಯ್ದು ಬಿಡುವುದು. ಬೆಳಿಗ್ಗೆಗೆ ಹಾರೆ ಒಂದಿಷ್ಟು ಇಳಿಯುತ್ತದೆ. ಮಣ್ಣು ಕೊರೆಯುವ ಯಂತ್ರವನ್ನೂ ಒಂದು ದಿನ ತರಿಸಿ ನೋಡಿದೆವು. ಬುಡದ ಮೆದು ಮಣ್ಣಿನಲ್ಲಿ ಚೆನ್ನಾಗಿ ನಡೆಯಿತು, ಮೇಲೆ ಬೇರಿಗೆ ಸಿಕ್ಕಿ ಹಿಡಿದವರ ಕೈಯನ್ನೇ ತಿರುಚಿತು. ಮಧ್ಯಾಹ್ನವೇ ವಾಪಸ್ಸು ಕಳಿಸಿದೆ.

ಕೈಯಲ್ಲಿ ತೋಡುವುದನ್ನು ನಾನು ಪಕ್ಕದಲ್ಲಿ ಕೂತು ನೋಡಿದ್ದೇನೆ. ಒಂದಡಿ ಅಗಲ, ಎರಡಡಿ ಆಳ. ಹಾರೆಯಿಂದ ಸಡಿಲ ಮಾಡಿ, ನೆಲಕ್ಕೆ ಮಲಗಿ, ಭುಜದವರೆಗೂ ಕೈ ಇಳಿಸಿ, ತೆಂಗಿನ ಚಿಪ್ಪಿನಲ್ಲಿ ಮಣ್ಣು ಮೊಗೆದು ತೆಗೆಯುವುದು. ಕೆಂಪು ಕಡ್ಡಿಯ ಗುಂಡಿ ಒಂದಕ್ಕೆ ಇಬ್ಬರಿಗೆ ಒಂದೂವರೆ ಗಂಟೆ ಹಿಡಿಯಿತು. ಗುಂಡಿಗೆ 250 ಹೆಚ್ಚು ಕೇಳಿದಾಗ ನಾನು ಚೌಕಾಸಿಗೆ ಇಳಿದಿದ್ದೆ. ಅದನ್ನು ನೋಡಿದ ಮೇಲೆ ನಾಚಿಕೆಯಾಯಿತು. ಒಂದು ಮಾತ್ರ ಬಿಡಬೇಡಿ. ಆಳವನ್ನು ನೀವೇ ಕೋಲು ಹಾಕಿ ಅಳೆಯಿರಿ. ಕಲ್ಲು ಸಿಕ್ಕಿದ ಕಡೆ ಒಂದೂಕಾಲು ಅಡಿಗೇ ನಿಲ್ಲಿಸುವ ಆಸೆ ಯಾರಿಗಾದರೂ ಆಗುತ್ತದೆ. ನಮ್ಮ ಕಡೆಯ ಮಳೆಯಲ್ಲಿ ಮಣ್ಣು ನೆನೆದು ಅನ್ನವಾದಾಗ ಅಂಥ ಕಂಬ ತಂತಿಯ ಎಳೆತಕ್ಕೆ ವಾಲುತ್ತದೆ.

ಕಲ್ಲುಕಂಬವೋ ಸಿಮೆಂಟ್ ಕಂಬವೋ ಎಂದು ತಿಂಗಳುಗಟ್ಟಲೆ ಯೋಚಿಸಿದ್ದೆ. ಸಿಮೆಂಟಿನದು ಹಗುರ, ಸಾಗಿಸಲು ಸುಲಭ. ಆದರೆ ಒಳಗಿನ ಕಂಬಿಗೆ ನೀರು ಇಳಿದರೆ ತುಕ್ಕು ಹಿಡಿದು ಸೀಳುತ್ತದೆ, ನಮ್ಮಲ್ಲಿ ನೀರಿಗೇನೂ ಬರವಿಲ್ಲ. ಕೊನೆಗೆ ಆರೂವರೆ ಅಡಿಯ ಕಲ್ಲುಕಂಬವನ್ನೇ ಆರಿಸಿದೆ. ಒಂದಕ್ಕೆ 340, ರಸ್ತೆಯವರೆಗೆ ತಂದು ಇಳಿಸುವ ದರ. ಎಂಟಡಿಗೆ ಒಂದರಂತೆ 214, ಮೂಲೆಗಳಿಗೆ ಮತ್ತು ನಡುನಡುವೆ ಒತ್ತು ಕೊಡುವುದಕ್ಕೆ 36. ಹತ್ತು ಹೆಚ್ಚಿಗೆ ತರಿಸಿದ್ದು ಒಳ್ಳೆಯದಾಯಿತು. ಇಳಿಸುವಾಗ ಒಂಬತ್ತು ತುಂಡಾದವು. ಇಳಿಸಿದ ಮೇಲೆ ಪ್ರತಿಯೊಂದಕ್ಕೂ ಸುತ್ತಿಗೆಯಲ್ಲಿ ಒಂದು ಏಟು ಹಾಕಿ ಕೇಳಿ. ಗಟ್ಟಿ ಕಂಬ ಗಂಟೆಯ ಹಾಗೆ ಠಣ್ ಅನ್ನುತ್ತದೆ. ಒಳಗೆ ಬಿರುಕಿದ್ದರೆ ಶಬ್ದ ಬೊದ್ದು.

ಆಯನೂರು, ರಿಪ್ಪನ್‌ಪೇಟೆ, ಹೊಸನಗರ ದಾಟಿ ಬಂದ ಲಾರಿ ನಮ್ಮ ಮನೆಗೆ ಅರ್ಧ ಕಿಲೋಮೀಟರ್ ಇರುವಾಗ ಮೋರಿಯ ಬಳಿ ನಿಂತಿತು. ಅಷ್ಟು ಭಾರ ಹೊತ್ತು ದಾಟುವುದಿಲ್ಲ ಎಂದು ಚಾಲಕ ಅಲ್ಲೇ ಸುರಿದರು. ಎರಡು ಲೋಡು, ಹತ್ತಿರ ಹತ್ತಿರ ಇಪ್ಪತ್ತು ಟನ್. ಅಲ್ಲಿಂದ ಟ್ರ್ಯಾಕ್ಟರಿನಲ್ಲಿ ಬ್ಯಾಣದ ಬುಡಕ್ಕೆ, ಬುಡದಿಂದ ಮೇಲಕ್ಕೆ ಹೆಗಲ ಮೇಲೆ. ಒಂದು ಕಂಬ ಎಪ್ಪತ್ತು-ಎಂಬತ್ತು ಕಿಲೋ. ಹಗ್ಗದ ಕುಣಿಕೆ ಹಾಕಿ ನಡುವೆ ಬಿದಿರು ತೂರಿಸಿ ಇಬ್ಬರು ಹೊರುತ್ತಿದ್ದರು. ಹಾಗೆ ಹೊತ್ತಿದ್ದು 140 ಕಂಬ. ನಿಮ್ಮ ಜಾಗಕ್ಕೆ ದರ ಕೇಳುವಾಗ ಎಲ್ಲಕ್ಕಿಂತ ಮೊದಲು ಹೇಳಬೇಕಾದ್ದು ಇದನ್ನೇ: ಲಾರಿ ಎಲ್ಲಿಯವರೆಗೆ ಬರುತ್ತದೆ, ಅಲ್ಲಿಂದ ಗಡಿಗೆ ಎಷ್ಟು ದೂರ, ಎಷ್ಟು ಏರು.

ಫೆಬ್ರುವರಿ 10ಕ್ಕೆ ಕೆಲಸ ಶುರುವಾಯಿತು. ಐದು ಜನ. ಮೊದಲ ವಾರವೇ ಇಬ್ಬರು ಮೇಲಿನ ಅಂಚಿಗೆ ಹೋಗಲು ಹಿಂದೆಮುಂದೆ ನೋಡಿದರು. ಕಾನಿಗೆ ತಾಗಿದ ಜಾಗ, ಅದೂ ಮಂಗನ ಕಾಯಿಲೆಯ ಕಾಲ, ನವೆಂಬರ್‌ನಿಂದ ಮೇವರೆಗೆ. ಅವರ ಹೆದರಿಕೆ ಸರಿಯಾದದ್ದೇ. ಆಶಾ ಕಾರ್ಯಕರ್ತೆಯನ್ನು ಕೇಳಿ ಉಣುಗು ಹತ್ತದಂತೆ ಹಚ್ಚುವ ಡೆಪಾ ತೈಲ ತಂದುಕೊಟ್ಟೆ. ಬೆಳಿಗ್ಗೆ ಕೈಕಾಲಿಗೆ ಹಚ್ಚಿಕೊಂಡು, ಉದ್ದ ಪ್ಯಾಂಟು ಹಾಕಿಕೊಂಡೇ ಹೋಗುವುದು, ದರಗಿನ ಮೇಲೆ ಕೂರದಿರುವುದು, ಸಂಜೆ ನಮ್ಮ ಬಚ್ಚಲಲ್ಲೇ ಬಿಸಿನೀರು ಸ್ನಾನ ಮಾಡಿ ಬಟ್ಟೆ ಬದಲಿಸಿ ಹೊರಡುವುದು ಎಂದಾಯಿತು. ಹಂಡೆ ಒಲೆಗೆ ಕಟ್ಟಿಗೆ ಹೆಚ್ಚು ಹೋಯಿತು, ಹೋಗಲಿ. ಬೇರೆಯವರ ಮಕ್ಕಳನ್ನು ನಮ್ಮ ಕೆಲಸಕ್ಕೆ ಕರೆದು ಕಾಯಿಲೆ ಹಿಡಿಸಿ ಕಳಿಸುವಂತಾಗಬಾರದು.

ಗಡಿಯ ಮೇಲೆ ಒಂದು ನಂದಿ ಮರ ಇತ್ತು. ಕಡಿದರೆ ಗೆರೆ ನೇರ ಬರುತ್ತದೆ ಎಂದು ತಂಡದ ಹುಡುಗನೊಬ್ಬ ಹೇಳಿದ. ಮರ ಕಡಿಯಲು ಅನುಮತಿ ಬೇಕು, ಅದಕ್ಕೆ 1976ರ ಕಾಯ್ದೆಯೇ ಇದೆ. ಅದಿಲ್ಲದಿದ್ದರೂ ನಾನು ಕಡಿಸುತ್ತಿರಲಿಲ್ಲ. ಮರಕ್ಕೇ ಮೊಳೆ ಹೊಡೆದು ತಂತಿ ಕಟ್ಟುವುದಕ್ಕೂ ಬಿಡಲಿಲ್ಲ. ಬೆಳೆಯುವ ಮರ ತಂತಿಯನ್ನು ನುಂಗುತ್ತದೆ, ಆಮೇಲೆ ತಂತಿಯೂ ಹಾಳು, ಮರವೂ ಹಾಳು. ಮರ ಹೊರಗೆ ಬಿಟ್ಟು ಎರಡು ಕಂಬ ಹೆಚ್ಚಿಗೆ ಹಾಕಿ ಬಳಸಿದೆವು.

ತಂತಿ ಕೊಳ್ಳುವಾಗ ಅಂಗಡಿಯವರು ಮೊದಲು ತೋರಿಸುವುದು ಅಗ್ಗದ, ತೆಳುವಾದ 14 ಗೇಜಿನದು. ಒಂದು ಕಿಲೋಗೆ ಉದ್ದ ಜಾಸ್ತಿ ಬರುತ್ತದೆ, ನಿಜ. ಆದರೆ ದನ ಮೈ ಉಜ್ಜಿದರೆ ಜೋಲುತ್ತದೆ. ನಾನು ತೆಗೆದುಕೊಂಡಿದ್ದು ಅದಕ್ಕಿಂತ ದಪ್ಪನೆಯ 12 ಗೇಜು, ಕಿಲೋಗೆ ಹೆಚ್ಚುಕಮ್ಮಿ ಒಂಬತ್ತು ಮೀಟರ್. ಸುರುಳಿಯ ಚೀಟಿಯಲ್ಲಿ ಐಎಸ್ 278 ಎಂದಿದೆಯೇ ನೋಡಿ, ಅದು ಸತು ಬಳಿದ ಮುಳ್ಳುತಂತಿಯ ಭಾರತೀಯ ಮಾನಕ. ಸತುವಿನ ಲೇಪ ತೆಳುವಾಗಿದ್ದರೆ ನಮ್ಮ ಮಳೆಗೆ ಬೇಗ ಕೆಂಪಾಗುತ್ತದೆ.

ಸಾಲುಗಳ ಅಂತರದಲ್ಲೂ ಗಿಡ್ಡ ದನ ನಮಗೆ ಪಾಠ ಕಲಿಸಿತು. ಮೊದಲ ನೂರಡಿಗೆ ಮೇಸ್ತ್ರಿ ಸಮನಾಗಿ ಹನ್ನೆರಡು ಇಂಚಿಗೊಂದರಂತೆ ನಾಲ್ಕು ಸಾಲು ಎಳೆದರು. ಸಂಜೆ ಕೌಲಿಯನ್ನು ಬಿಟ್ಟೆ. ಅದು ತಂತಿಯುದ್ದಕ್ಕೂ ಮೂಸುತ್ತ ಹೋಗಿ, ನೆಲ ಸ್ವಲ್ಪ ತಗ್ಗಿರುವ ಕಡೆ ಮುಂಗಾಲು ಮಡಚಿ ಮಂಡಿಯೂರಿತು. ತಲೆ ತೂರಿಸಿ, ಕುತ್ತಿಗೆಯಿಂದ ಕೆಳಗಿನ ತಂತಿಯನ್ನು ಮೇಲಕ್ಕೆತ್ತಿ, ಹೊಟ್ಟೆ ಎಳೆದುಕೊಂಡು ಆಚೆ ಎದ್ದು ನಿಂತಿತು. ಮುಳ್ಳಿನಲ್ಲಿ ಕಂದು ಕೂದಲ ಗೊಂಚಲು. ಬೆನ್ನ ಮೇಲೆ ಉದ್ದಕ್ಕೆ ಕೆಂಪು ಗೀರು ಬಿದ್ದು ರಕ್ತ ಜಿನುಗುತ್ತಿತ್ತು. ಅರಿಶಿನ ಎಣ್ಣೆ ಹಚ್ಚುವಾಗ ಅಮ್ಮ ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ. ಮರುದಿನ ಎಲ್ಲ ಬಿಚ್ಚಿ ಐದು ಸಾಲು ಮಾಡಿದೆವು: ನೆಲದಿಂದ ಎಂಟು ಇಂಚಿಗೆ ಮೊದಲನೆಯದು, ಅಲ್ಲಿಂದ ಎಂಟು, ಹತ್ತು, ಹನ್ನೊಂದು, ಹನ್ನೊಂದು. ಒಟ್ಟು ಎತ್ತರ ನಾಲ್ಕಡಿ. ನೆಲ ತಗ್ಗಿರುವಲ್ಲೆಲ್ಲ ಜಂಬಿಟ್ಟಿಗೆ ಚೂರು ತುಂಬಿಸಿದೆವು.

ಕೊರಕಲಿನ ವಿಷಯ ಮರೆಯಬೇಡಿ. ಬೇಸಿಗೆಯಲ್ಲಿ ಒಣಗಿರುವ ಹತ್ತಡಿ ಅಗಲದ ಕೊರಕಲು ಮಳೆಗಾಲದಲ್ಲಿ ಕೊಂಬೆ, ದರಗು ಹೊತ್ತು ಬರುತ್ತದೆ. ಅದಕ್ಕೆ ಅಡ್ಡ ತಂತಿ ಬಿಗಿದರೆ ಕಸ ಸಿಕ್ಕಿ ಅಣೆಕಟ್ಟಾಗಿ, ಅಕ್ಕಪಕ್ಕದ ಕಂಬವೂ ಕಿತ್ತು ಹೋಗುತ್ತದೆ. ನಾವು ಎರಡು ದಡದಲ್ಲಿ ಮೂಲೆಕಂಬದಂತೆ ಗಟ್ಟಿ ಕಂಬ ಹಾಕಿ ಬೇಲಿಯನ್ನು ಅಲ್ಲಿಗೇ ನಿಲ್ಲಿಸಿದೆವು. ನಡುವೆ ಒಂದೇ ದಪ್ಪ ತಂತಿ ಮೇಲ್ಗಡೆ ಕಟ್ಟಿ, ಅದರಿಂದ ಬಿದಿರು ಗಳಗಳನ್ನು ಜೋತು ಬಿಟ್ಟೆವು. ನೀರು ಬಂದಾಗ ಗಳ ಎತ್ತಿಕೊಂಡು ದಾರಿ ಬಿಡಬೇಕು, ಇಳಿದಾಗ ತಾನೇ ಕೆಳಗೆ ಬೀಳಬೇಕು.

ಸೋಲಾರ್ ಬೇಲಿ ಯಾಕೆ ಹಾಕಿಸಲಿಲ್ಲ ಎಂದು ಕೇಳುವವರಿದ್ದಾರೆ. ನಮ್ಮಲ್ಲಿ ಮಳೆಗಾಲದಲ್ಲಿ ಹುಲ್ಲು, ಬಳ್ಳಿ ವಾರದಲ್ಲಿ ತಂತಿ ಮುಟ್ಟುತ್ತವೆ, ಮುಟ್ಟಿದರೆ ಕರೆಂಟು ನೆಲಕ್ಕೆ ಇಳಿದು ಹೋಗುತ್ತದೆ. ಸವರಲು ಆಳಿಲ್ಲ. ಕೆಲವರು ಮನೆಯ ಲೈನಿನಿಂದಲೇ ತಂತಿಗೆ ಕರೆಂಟು ಕೊಡುವ ಮಾತಾಡುತ್ತಾರೆ. ದಯವಿಟ್ಟು ಅದನ್ನು ಮಾಡಲೇಬೇಡಿ. ಅದು ಅಪರಾಧ. ಸಾಯುವುದು ಹಂದಿಯೊಂದೇ ಅಲ್ಲ, ರಾತ್ರಿ ತೋಟಕ್ಕೆ ನೀರು ಬಿಡಲು ಹೋದ ಮನುಷ್ಯನೂ ಸಾಯುತ್ತಾನೆ. ಕಾಡುಕೋಣವನ್ನು ಈ ಮುಳ್ಳುತಂತಿ ತಡೆಯುವುದಿಲ್ಲ, ಅದೂ ಗೊತ್ತಿರಲಿ. ಮಾರ್ಚ್ ಮೊದಲ ವಾರವೇ ಒಂದು ಕಡೆ ಮೇಲಿನ ಎರಡು ಸಾಲು ಹರಿದುಕೊಂಡು ಹೋಗಿತ್ತು. ಹೊಸ ತುಂಡು ಜೋಡಿಸಿ ಕಟ್ಟಿದೆವು.

ಕಲ್ಲು ಬರುವುದು ತಡವಾಗಿ, ನಡುವೆ ಶಿವರಾತ್ರಿ ಬಂದು, ಹತ್ತೊಂಬತ್ತು ದಿನದ ಕೆಲಸ ಆರು ವಾರ ಹಿಡಿಯಿತು. ಈಗ ಲೆಕ್ಕ. ಹದ್ದುಬಸ್ತಿನ ಶುಲ್ಕ, ಓಡಾಟ ಸೇರಿ 5,300. ಗಡಿಯ ಲಂಟಾನ, ಯುಪಟೋರಿಯಂ ಸವರಲು ಹನ್ನೆರಡು ಆಳು, 8,400. ಕಂಬ 260ಕ್ಕೆ 88,400, ಇಳಿಸಲು 3,900, ಟ್ರ್ಯಾಕ್ಟರಿಗೆ 9,000, ಹೊತ್ತಿದ್ದಕ್ಕೆ 11,200. ಮುಳ್ಳುತಂತಿ 320 ಕಿಲೋ, ಕಿಲೋಗೆ 98ರಂತೆ 31,360, ಕಟ್ಟುವ ತಂತಿ 1,080. ಕೂಲಿ 51,300, ಕಲ್ಲುಗುಂಡಿಗೆ ಹೆಚ್ಚುವರಿ 11,500. ಮೂಲೆ ಕಂಬ ಮತ್ತು ಗೇಟಿಗೆ ಹನ್ನೆರಡು ಚೀಲ ಸಿಮೆಂಟು 4,560, ಜಲ್ಲಿ-ಮರಳು 6,500. ಹತ್ತಡಿ ಕಬ್ಬಿಣದ ಗೇಟು 14,500. ತಂಡದ ಊಟ-ತಿಂಡಿ ಮತ್ತು ಒಂದು ದಿನ ಬಂದುಹೋದ ಆ ಯಂತ್ರದ ಬಾಡಿಗೆ ಸೇರಿ 9,350. ಒಟ್ಟು 2,56,350. ಅಡಿಗೆ ಭಾಗಿಸಿದರೆ 150. ಮುಳುಗಿದ ಮುಂಗಡ 12,000 ಇದರ ಮೇಲೆ. ಅಡಿಕೆ ಮಾರಿದ ದುಡ್ಡು ಸಾಲದೆ ಸೊಸೈಟಿಯಲ್ಲಿ 80,000 ಸಾಲ ಮಾಡಿದೆ. ಇದರಲ್ಲಿ ಎಲ್ಲಾದರೂ ಉಳಿಸಬಹುದಿತ್ತೇ ಎಂದರೆ, ಗೇಟಿನಲ್ಲಿ. ಕಾಲುದಾರಿಯ ಕಡೆ ಹಳೆಯ ಕ್ರಮದಲ್ಲೇ ಎರಡು ಕಂಬಕ್ಕೆ ತೂತು ಕೊರೆದು ಮೂರು ಉಣುಗೋಲು ಅಡ್ಡ ಹಾಕಿಸಿದೆ, ಖರ್ಚು ಏನೂ ಇಲ್ಲ, ದನವೂ ದಾಟಿಲ್ಲ.

ಈಗ ಬೆಳಿಗ್ಗೆ ಹಾಲು ಕರೆದ ಮೇಲೆ ಅಮ್ಮ ಎಂಟನ್ನೂ ಬ್ಯಾಣಕ್ಕೆ ಅಟ್ಟಿ ಗೇಟು ಹಾಕಿ ಬರುತ್ತಾಳೆ. ಮೊದಲ ನಾಲ್ಕು ದಿನ ಕೌಲಿ ಬೇಲಿಯುದ್ದಕ್ಕೂ ಸುತ್ತುತ್ತಿತ್ತು. ಈಗ ನಂದಿ ಮರದ ನೆರಳು ಒಳಗೆ ಬೀಳುವ ಜಾಗದಲ್ಲಿ ಮೆಲುಕು ಹಾಕುತ್ತ ಮಲಗುತ್ತದೆ. ಒಂದು ಕೆಲಸ ಬಾಕಿ ಇದೆ. ಜೂನ್‌ನಲ್ಲಿ ಮಳೆ ಕೂತ ಮೇಲೆ ತಂತಿಯುದ್ದಕ್ಕೂ ಗೊಬ್ಬರದ ಗಿಡದ (ಗ್ಲಿರಿಸಿಡಿಯಾ) ಗೂಟ ಊರಬೇಕು. ನಾಲ್ಕು ನೂರಾದರೂ ಬೇಕು, ನಮ್ಮಲ್ಲಿ ಅಷ್ಟಿಲ್ಲ. ತಮ್ಮ ಗದ್ದೆ ಬೇಲಿಯಿಂದ ಕಡಿದುಕೊಳ್ಳಿ ಎಂದು ಪಕ್ಕದವರು ನಿನ್ನೆ ಹೇಳಿ ಹೋಗಿದ್ದಾರೆ.